ಶ್ರೀಕೃಷ್ಣ ಕಲಿತ ವಿಮಾನ

ಎರಡು ವರ್ಷ ಹುಡುಕಿ ತಂದ ವಿಮಾನವನ್ನು ಮಾಸ್ತಪ್ಪ ಎರಡು ನಿಮಿಷದಲ್ಲಿ ಸುಳ್ಳು ಮಾಡಿದ್ದ. ಹೊಸನಗರದ ಹೈಸ್ಕೂಲಿನ ಹೆಡ್‌ಮಾಸ್ಟರ್ ಗಣೇಶಮೂರ್ತಿಗೆ ಅದನ್ನು ಕ್ಷಮಿಸಲಾಗಲಿಲ್ಲ.

ಅರವತ್ತೈದರ ಯುದ್ಧದಲ್ಲಿ ತೀರಿಕೊಂಡ ಪೈಲಟ್ ಶ್ರೀಕೃಷ್ಣ ಅದೇ ಶಾಲೆಯ ಹುಡುಗ. ಅವನು ಹಾರಲು ಕಲಿತ ವಿಮಾನವನ್ನೇ ತಂದು ಶಾಲೆಯೆದುರು ನಿಲ್ಲಿಸುತ್ತೇನೆಂದು ಗಣೇಶಮೂರ್ತಿ ಅವನ ತಾಯಿ ಮಹಾಲಕ್ಷ್ಮಮ್ಮನಿಗೆ ಮಾತು ಕೊಟ್ಟಿದ್ದ. ಪತ್ರಗಳನ್ನು ಬರೆದೂ ಬರೆದೂ ಕೊನೆಗೆ ತಿಳಿದದ್ದು, ಆ ವಿಮಾನ ಎಂದೋ ಕರಗಿ ಪಾತ್ರೆಯಾಗಿದೆ ಎಂದು. ಬೆಂಗಳೂರಿನ ಗುಜರಿಯೊಂದರಲ್ಲಿ ಅದೇ ಜಾತಿಯ, ಎಂಜಿನ್ನಿಲ್ಲದ ಇನ್ನೊಂದು ಸಿಕ್ಕಿತು. ಅದರ ಮೇಲೆ ಶ್ರೀಕೃಷ್ಣನ ವಿಮಾನದ ನಂಬರು ಬರೆಸಿದ. ಇದೇ ಆ ವಿಮಾನವೆಂಬ ವಾಯುಪಡೆಯ ಪ್ರಮಾಣಪತ್ರವನ್ನು ತಾನೇ ಟೈಪು ಮಾಡಿ ನಕಲಿ ಮೊಹರು ಒತ್ತಿದ. ಗುರುವಾರ ಅದು ಊರಿಗೆ ಬಂತು. ಮಹಾಲಕ್ಷ್ಮಮ್ಮ ಅದರ ಮೈ ಸವರಿ, "ನಮ್ಮನೆ ಮಾಣಿ ಮುಟ್ಟಿದ್ದು ಇದನ್ನೇ ಅಲ್ದಾ?" ಎಂದು ಮತ್ತೆ ಮತ್ತೆ ಕೇಳಿದರು.

ಶುಕ್ರವಾರ ನಿಟ್ಟೂರಿನಿಂದ ಮಾಸ್ತಪ್ಪ ಬಂದ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಬಾಲದ ಮುಚ್ಚಳ ತೆಗೆದು ಒಳಗೆ ಇಣುಕಿದ. "ಇದರ ಬಾಲದೊಳಗೆ ಅಚ್ಚೊತ್ತಿರೋ ನಂಬರೇ ಬೇರೆ ಮೇಷ್ಟ್ರೇ. ಹೊರಗಿಂದು ಯಾರ ಕೈಕೆಲಸ?"

"ಆ ತಾಯಿ ಮುಖ ನೋಡಿ ಸುಮ್ನಿರು ಮಾರಾಯ."

"ಅವ್ರ ಮುಖ ನೋಡೇ ಸುಮ್ನಿರಕ್ಕಾಗ್ತಿಲ್ಲ. ಭಾನುವಾರ ಪೀಠಕ್ಕೆ ಏರಿಸೋವಾಗ ಎಲ್ರೆದುರೇ ಹೇಳ್ತೀನಿ."

ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಗಣೇಶಮೂರ್ತಿ ತನಗೆ ಹೇಳಿಕೊಂಡದ್ದು ಮಾತ್ರ ಬೇರೆ: ಆ ತಾಯಿಯ ಸಮಾಧಾನ ಕೆಡಬಾರದು.

ಮಾಸ್ತಪ್ಪ ಒಂಟಿ. ಹೇಳದೆ ಕೇಳದೆ ತಿಂಗಳುಗಟ್ಟಲೆ ಊರು ಬಿಡುವವನು. ಶನಿವಾರ ಶಾಲೆ ಅರ್ಧ ದಿನ. ಮೂರು ಗಂಟೆಗೆ ಮೈದಾನದಲ್ಲಿ ನರಪಿಳ್ಳೆ ಇರುವುದಿಲ್ಲ. "ಆ ನಂಬರು ನಂಗೂ ತೋರ್ಸು, ಆಮೇಲೆ ಅಮ್ಮನಿಗೆ ನಾನೇ ಹೇಳ್ತೀನಿ" ಎಂದು ಗಣೇಶಮೂರ್ತಿ ಅವನನ್ನು ಕರೆದ. ಮಾಸ್ತಪ್ಪ ಬಾಲದ ಮುಚ್ಚಳ ಬಿಚ್ಚಿ, ಬಗ್ಗಿ ಕೈ, ಭುಜ ಒಳಗೆ ತೂರಿಸಿದ. ಹಿಂದಿನಿಂದ ತಲೆಗೆ ಕಬ್ಬಿಣದ ಸಲಾಕೆಯ ಒಂದೇ ಏಟು ಸಾಕಾಯಿತು. ಉಳಿದ ಮೈಯನ್ನು ಒಳಕ್ಕೆ ನೂಕುವುದಷ್ಟೇ. ಎಂಟು ಸ್ಕ್ರೂ ಬಿಗಿದು ಬಣ್ಣ ಬಳಿದ. ನಾಳೆಯಿಂದ ಇದು ಹತ್ತಡಿ ಎತ್ತರದ ಪೀಠದ ಮೇಲಿರುತ್ತದೆ. ವಾಸನೆ ಬಂದರೆ ಬಾವಲಿ ಸತ್ತಿದೆ ಎಂದರಾಯಿತು. ಹುತಾತ್ಮನ ಸ್ಮಾರಕವನ್ನು ಬಿಚ್ಚಿ ನೋಡುವವರು ಯಾರು? ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಸಾಗರದ ಅಡಿಕೆ ಮಂಡಿಯ ಹಮಾಲರು ಬಿದಿರಿನ ಗಳಗಳಿಗೆ ಹೆಗಲು ಕೊಟ್ಟು ವಿಮಾನವನ್ನು ಎತ್ತಿದರು. ನಾಲ್ಕು ಹೆಜ್ಜೆ ಹಾಕಿದ್ದರಷ್ಟೆ, ಬಾಲದ ಕಡೆಯಿದ್ದ ನಿಂಗಪ್ಪ "ಇಳಿಸ್ರೋ" ಎಂದ. "ಇದ್ರೊಳಗೆ ಏನಿಟ್ರಿ ಮೇಷ್ಟ್ರೇ?" ಏನಿಲ್ಲ, ಖಾಲಿ ಎಂದ ಗಣೇಶಮೂರ್ತಿ. "ಗುರುವಾರ ಲಾರಿಯಿಂದ ಇಳಿಸಿದ್ದೂ ನಾವೇ. ಇವತ್ತು ಒಂದು ಮೂಟೆ ಜಾಸ್ತಿ ಐತೆ. ಮೂವತ್ತು ವರ್ಷ ಅಡಿಕೆ ಹೊತ್ತೋನಿಗೆ ತಕ್ಕಡಿ ಬೇಕಾ?" ಜನರ ಕಣ್ಣು, ಮೂಗು, ಬಾಯಿ ಎಲ್ಲವನ್ನೂ ಲೆಕ್ಕ ಹಾಕಿದ್ದ ಗಣೇಶಮೂರ್ತಿ ಹೆಗಲನ್ನು ಮರೆತಿದ್ದ. ಅವನು ಬಾಯಿ ತೆರೆಯುವ ಮೊದಲೇ ಮಹಾಲಕ್ಷ್ಮಮ್ಮ ಆಸೆಯಿಂದ ಮುಂದೆ ಬಂದು, ಇನ್ನೂ ಹಸಿಯಿದ್ದ ಬಣ್ಣದ ಮೇಲೆ ಅಂಗೈ ಇಟ್ಟರು. "ಒಳಗೆ ನಮ್ಮನೆ ಮಾಣಿದು ಎಂತಾರೂ ಉಳ್ಕಂಡಿದ್ಯೇನ? ತೆಗ್ದು ನೋಡಿ."