ಅಂಗಿಯೊಳಗಿನ ಹೊಲಿಗೆ

"ಅದನ್ನ ತೆಗಿ ಮೊದಲು!"

ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತ ಹೆಂಡತಿಗೆ ಟೈಲರ್ ಮಾಸ್ಟರ್ ಹೇಳಿದ ಮೊದಲ ಮಾತು ಅದು. ಹೇಳಿದವನೇ ಬೆನ್ನು ತಿರುಗಿಸಿ ಬಟ್ಟೆ ಕತ್ತರಿಸತೊಡಗಿದ.

ಅವಳ ಮುಖ ಚಿಕ್ಕದಾಯಿತು. 'ಅಷ್ಟು ಕೆಟ್ಟದಾಗಿ ಕಾಣ್ತೀನಾ...?'

ಮೊದಲೇ ನೆಲ ಅಲೆಅಲೆಯಾಗಿ ಎದ್ದು ಬರುತ್ತಿತ್ತು. ಹೊಸ್ತಿಲೆಲ್ಲೋ, ಕಾಲೆಲ್ಲೋ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು.

"ಓರೆಗಣ್ಣಲ್ಲಿ ನೋಡಬೇಡಿ ಅಕ್ಕಾ, ಮುಖಾನೇ ಆ ಕಡೆ ತಿರುಗಿಸಿ. ಸ್ವಲ್ಪ ದಿನ ತಲೆ ಸುತ್ತುತ್ತೆ, ತೆಗೆದಿಡಬೇಡಿ," ಎಂದಿದ್ದ ಕನ್ನಡಕದಂಗಡಿಯವನು.

"ಗಂಡನ್ನ ಓರೆಗಣ್ಣಲ್ಲೇ ನೋಡಿ ಅಭ್ಯಾಸ ಕಣಪ್ಪಾ!" ಎಂದು ನಗಿಸಿ ಬಂದಿದ್ದಳು.

ಈಗ ನಗು ಬರಲಿಲ್ಲ.

ಮದುವೆಯಾದಾಗಿನಿಂದ ಈ ಒಂದೇ ಕೋಣೆಯಲ್ಲಿ ಅವನು ಕತ್ತರಿಸುವುದು, ಇವಳು ಹೊಲಿಯುವುದು. ಕಣ್ಣು ಮಸುಕಾದ ಮೇಲೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವನೂ ಅವನೇ. "ನಾನಿಲ್ವಾ? ಕನ್ನಡಕ ಯಾಕೆ?" ಅದನ್ನು ಪ್ರೀತಿ ಅಂದುಕೊಂಡಿದ್ದಳು. ಆಮೇಲೆ ಹಾಸಿಗೆ ಬೇರೆಯಾಯಿತು. "ನಿನ್ನ ಗೊರಕೆ ತಡೆಯೋಕಾಗಲ್ಲ," ಎಂದ. ಕೈ ಚಾಚಿದರೆ ಸರಿದುಕೊಂಡ.

ಗಿರಾಕಿಯೊಬ್ಬರ ಅಂಗಿಗೆ ಕಾಲರ್ ತಿರುವುಮುರುವಾಗಿ ಹೊಲಿದ ದಿನ, ಅವನನ್ನು ಕೇಳದೆಯೇ ಕನ್ನಡಕ ಮಾಡಿಸಿದ್ದಳು.

'ನಾನು ಹಳಬಳಾದೆ. ಇನ್ಯಾರೋ ಇದ್ದಾಳೆ...'

ಹಠಕ್ಕೆ ಬಿದ್ದು ಕನ್ನಡಕ ತೆಗೆಯಲಿಲ್ಲ. ಮೆಟ್ಟಿಲು ತಪ್ಪಿ ಮಂಡಿ ತರಚಿತು. ಅವನು ಮುಖ ತಪ್ಪಿಸಿ ಓಡಾಡಿದ. ಇವಳೂ ಬಿಗುಮಾನದಿಂದ ನೇರ ನೋಡಲಿಲ್ಲ.

ಒಂದು ಬೆಳಿಗ್ಗೆ ನೆಲ ತನ್ನ ಜಾಗದಲ್ಲಿ ನಿಂತಿತು.

ಇಸ್ತ್ರಿ ಮಾಡಲು ಅವನ ಅಂಗಿಯ ಒಳಮೈ ಹೊರಗೆ ಮಾಡಿದಳು. ಪಕ್ಕದ ಅಂಚಿನುದ್ದಕ್ಕೂ ಬಿಚ್ಚಿದ ಹಳೇ ಹೊಲಿಗೆಯ ಸೂಜಿತೂತುಗಳ ಸಾಲು! ಅದರೊಳಗೆ ಇನ್ನೊಂದು ಸಾಲು. ಅದಕ್ಕೂ ಒಳಗೆ ಹೊಸ ಹೊಲಿಗೆ. ಇನ್ನೊಂದು ಅಂಗಿ ತೆಗೆದಳು, ಪ್ಯಾಂಟು ತೆಗೆದಳು... ಎಲ್ಲವನ್ನೂ ಒಳಕ್ಕೆ ಹಿಡಿದು ಸಣ್ಣ ಮಾಡಿ, ಮತ್ತೆ ಬಿಚ್ಚಿ, ಇನ್ನೂ ಒಳಕ್ಕೆ ಹಿಡಿದು ಹೊಲಿದಿದ್ದ.

ಬಟ್ಟೆ ಸರಿಯಾಗಿ ಕೂತಿದ್ದರೆ ಮೈ ಸರಿಯಿದೆ ಎಂದು ನಂಬುವ ಕಸುಬು ಅವಳದು. ಆ ನಂಬಿಕೆಯನ್ನೂ ಅವಳ ಮಸುಕು ಕಣ್ಣನ್ನೂ ಅವನು ಬಳಸಿಕೊಂಡಿದ್ದ.

ಅಂಗಿಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಬಂದಳು. ಮೇಜಿನೆದುರು ನಿಂತು, ಪೂರ್ತಿ ಮುಖ ತಿರುಗಿಸಿ ನೋಡಿದಳು. ಉಬ್ಬಿದ ಕೆನ್ನೆಮೂಳೆ. ಹಳದಿಗಟ್ಟಿದ ಕಣ್ಣು.

"ರೀ... ಯಾವಾಗಿಂದ?"

ಕತ್ತರಿ ನಿಂತಿತು.

"ಡಾಕ್ಟ್ರು ಏನಂದ್ರು?"

"ಲಿವರ್‌ನಲ್ಲಿ ಗಡ್ಡೆ. ತಡವಾಯ್ತು ಅಂದ್ರು."

"ಹಾಸಿಗೆ ಬೇರೆ ಮಾಡಿದ್ದು?"

"ಮುಟ್ಟಿದ್ರೆ ನಿನ್ನ ಕೈಗೆ ಬರೀ ಮೂಳೆ ಸಿಗ್ತಿತ್ತು ಕಣೆ."

"ಇನ್ಯಾರೋ ಇದ್ದಾಳೆ ಅಂದ್ಕೊಂಡಿದ್ದೆ ನಾನು!"

"ಈ ಮುಖಕ್ಕಾ?"

ಅವಳ ಬಾಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು.

"ನೀನು ನನ್ನ ನೋಡೋ ರೀತಿ ಇದೆಯಲ್ಲ..." ಅವನು ತಲೆ ತಗ್ಗಿಸಿದ. "ಅದರಲ್ಲಿ ಒಂದು ಚೂರು ಕನಿಕರ ಸೇರಿದ್ರೂ ನಾನು ಆಗಲೇ ಸತ್ತ ಹಾಗೆ ಅನ್ನಿಸ್ತು."

"ಅದಕ್ಕೆ ಉಳಿದಿದ್ದ ದಿನಗಳನ್ನೂ ನನ್ನಿಂದ ಕದ್ದುಬಿಟ್ರಾ?"

ಅವನು ಕತ್ತರಿಯನ್ನು ಮೇಜಿನ ಮೇಲಿಟ್ಟ. ಆ ದಿನಗಳು ಹೋಗಿಯಾಗಿತ್ತು.

ಅವಳು ಮೇಜು ಸುತ್ತಿ ಬಂದು ಅವನನ್ನು ತಬ್ಬಿಕೊಂಡಳು. ಅಂಗಿಯ ಕೆಳಗೆ ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕವು. ಅವನು ಬಿಗಿಯಾದ... ಆದರೆ ಸರಿಯಲಿಲ್ಲ.

"ನೋವು ಎಲ್ಲಿ?"

ಅವಳ ಕೈ ಹಿಡಿದು ಬಲ ಪಕ್ಕೆಯ ಕೆಳಗೆ ಇಟ್ಟುಕೊಂಡ. "ಇಲ್ಲಿ."

"ತುಂಬಾನಾ?"

"ಇಲ್ಲ..." ಎಂದವನು ತಡೆದ. "ಹೂಂ. ತುಂಬಾ."

ಅವಳು ಕೈ ತೆಗೆಯಲಿಲ್ಲ.

"ಹೇಳಿ," ಎಂದಳು. "ಮೊದಲಿನಿಂದ ಹೇಳಿ."