ಪೊರಕೆಯವನಿಗಿಂತ ಒಂದು ಹೆಜ್ಜೆ ಮುಂದೆ

"ನೀವೇ ಕೊನೆಯವರು ತಾನೆ?"

ಸಿನ್‌ಯಿ ತಿರುಗಿ ನೋಡಿದಳು. ಎತ್ತರದ ಯುವಕನೊಬ್ಬ ಕೈಯಲ್ಲಿ ವೈರ್‌ಲೆಸ್ ಹಿಡಿದು ನಿಂತಿದ್ದ. ಬೆನ್ನಿಗೆ ಉದ್ದ ಕೋಲಿನ ಪೊರಕೆ ಕಟ್ಟಿಕೊಂಡಿದ್ದ.

ಅಯ್ಯೋ, ಪೊರಕೆಯವನು!

ಕೆನಡಿ ಟೌನ್‌ನಿಂದ ಶೌ ಕೆಯ್ ವಾನ್‌ವರೆಗೆ, ಟ್ರಾಮ್ ಹಳಿಯ ಪಕ್ಕದಲ್ಲೇ ಊರನ್ನು ಉದ್ದಕ್ಕೂ ದಾಟುವ ಈ ನಡಿಗೆಯಲ್ಲಿ ಅವನನ್ನು ಕಂಡರೆ ಮುಂದಿದ್ದವರಿಗೆ ನಗು, ಹಿಂದುಳಿದವರಿಗೆ ಎದೆ ಡವಡವ. ಗೊತ್ತುಮಾಡಿದ ವೇಗದಲ್ಲಿ ಎಲ್ಲರ ಹಿಂದೆ ನಡೆಯುವುದೇ ಅವನ ಕೆಲಸ. ಅವನು ಯಾರನ್ನು ದಾಟುತ್ತಾನೋ ಅವರ ನಡಿಗೆ ಅಲ್ಲಿಗೇ ಮುಗಿಯಿತು. ತೆಪ್ಪಗೆ ಬಸ್ಸು ಹತ್ತಬೇಕು.

"ಕೊನೆಯವಳಾದ್ರೆ ಏನೀಗ?" ಊರುಗೋಲನ್ನು ಗಟ್ಟಿಯಾಗಿ ಹಿಡಿದು ಕೇಳಿದಳು.

"ಏನಿಲ್ಲ. ನನ್ನ ಹೆಸರು ಹೊಯ್‌ಮಿಂಗ್. ಇವತ್ತೆಲ್ಲ ನಿಮ್ಮ ಬೆನ್ನು ನೋಡ್ತಾ ಬರ್ಬೇಕಲ್ಲ, ಪರಿಚಯ ಇರ್ಲಿ ಅಂತ."

"ನೋಡ್ಕೊಳ್ಳಿ. ದಾಟೋಕೆ ಮಾತ್ರ ಬರ್ಬೇಡಿ."

ಬಾಯಿಗೇನೋ ಜೋರಿತ್ತು. ಕಾಲಿಗೆ ಇರಬೇಕಲ್ಲ?

ಟ್ಯಾಕ್ಸಿಯೊಂದು ಗುದ್ದಿ ಹೋದ ಮೇಲೆ ಸಿನ್‌ಯಿ ತಿಂಗಳುಗಟ್ಟಲೆ ಆಸ್ಪತ್ರೆಯ ವಾರ್ಡಿನಲ್ಲಿ ನಡೆಯುವುದನ್ನು ಹೊಸದಾಗಿ ಕಲಿತಿದ್ದಳು. ಇವತ್ತಿನ ನಡಿಗೆಯಿಂದ ಕೂಡುವ ದೇಣಿಗೆ ಹಣವೂ ಅದೇ ವಾರ್ಡಿಗೆ. ಪಕ್ಕದ ಮಂಚದಲ್ಲಿದ್ದವರು ಕಾಮ್ ಚಿಕ್ಕಮ್ಮ. ಸೊಂಟದ ಮೂಳೆ ಕೂಡಿದ್ದರೂ ಬೀಳುವ ಭಯಕ್ಕೆ ಗಾಲಿಕುರ್ಚಿ ಬಿಟ್ಟು ಏಳಲೊಲ್ಲರು. ಡಾಕ್ಟರು, ನರ್ಸು, ಹೆತ್ತ ಮಗಳು, ಎಲ್ಲರೂ ಹೇಳಿ ಸೋತಿದ್ದರು. ಸಿನ್‌ಯಿ ಕೇಳಿಕೊಂಡಾಗ ಮುದುಕಿ ಷರತ್ತು ಹಾಕಿದ್ದರು.

"ನೀನು ಆ ತುದಿಯಿಂದ ಈ ತುದಿಗೆ ನಿನ್ನ ಕಾಲಲ್ಲೇ ಬಾರೇ, ಆಗ ನಾನೂ ಎದ್ದು ನಿಲ್ತೀನಿ. ಬಸ್ಸಲ್ಲಿ ಬಂದ್ಯೋ, ಇನ್ನು ಈ ಮಾತು ಎತ್ಬೇಡ."

ಶೌ ಕೆಯ್ ವಾನ್‌ನಲ್ಲಿ ಚಿಕ್ಕಮ್ಮ ಕಾಯುತ್ತಿದ್ದರು. ಬಸ್ಸು ಹತ್ತುವ ಹಾಗೇ ಇರಲಿಲ್ಲ.

ಒಣಮೀನಿನ ಅಂಗಡಿಗಳ ಮುಂದೆ ಹೋಗುವಾಗ ಹೊಯ್‌ಮಿಂಗ್ ಬಗ್ಗಿ ಶೂ ಲೇಸ್ ಕಟ್ಟಿಕೊಂಡ. ಸ್ವಲ್ಪ ದೂರಕ್ಕೆ ಮತ್ತೆ ಕಟ್ಟಿಕೊಂಡ. ಮತ್ತೂ ಮುಂದೆ ಇನ್ನೊಂದು ಕಾಲಿನದು. ಸಿನ್‌ಯಿಗೆ ರೇಗಿತು. ಈ ಕಾಲಲ್ಲಿ ನಾನೆಲ್ಲಿಗೆ ಓಡಿಹೋಗ್ತೀನಿ ಅಂತ ಇವನಿಗೆ ಇಷ್ಟು ಧೈರ್ಯ?

ಆದರೂ ಅವನ ಮಾತು ಕೇಳಲು ಹಿತವಾಗಿತ್ತು. ಅವನು ಇದೇ ಹಳಿಯ ಮೇಲೆ ಟ್ರಾಮ್ ಓಡಿಸುವವನಂತೆ. ಪಕ್ಕದಲ್ಲಿ ಹಾದುಹೋಗುವ ಪ್ರತಿ ಟ್ರಾಮಿನವನೂ ಗಂಟೆ ಬಾರಿಸಿ, ಇಲ್ಲೂ ಸ್ವಲ್ಪ ಗುಡಿಸಪ್ಪಾ ಎಂದು ಗೇಲಿ ಮಾಡುತ್ತಿದ್ದ. ವಾನ್ ಚಾಯ್‌ನಲ್ಲಿ ಅವನು ಸಾಲಿನಲ್ಲಿ ನಿಂತು ಬಿಸಿ ಎಗ್ ಟಾರ್ಟ್ ತಂದ. ಅವಳು ನಗುತ್ತಲೇ ತಿಂದಳು. ನಕ್ಕು ಎಷ್ಟು ದಿನವಾಗಿತ್ತೋ...

ನಾರ್ತ್ ಪಾಯಿಂಟ್‌ನ ಸಂತೆಬೀದಿಯಲ್ಲಿ ಮಂಡಿ ಹಿಡಿದುಕೊಂಡಿತು. ತರಕಾರಿ ಅಂಗಡಿಯ ಕಂಬಕ್ಕೆ ಒರಗಿ ಹಿಂದೆ ನೋಡಿದಳು. ಹೊಯ್‌ಮಿಂಗ್ ಅವಳ ಕಾಲನ್ನೇ ನೋಡುತ್ತಾ ವೈರ್‌ಲೆಸ್‌ನಲ್ಲಿ ಏನೋ ಪಿಸುಗುಟ್ಟುತ್ತಿದ್ದ.

ಬಸ್ಸು ಕರೀತಿದ್ದಾನೆ. ನಗಿಸಿದ್ದು, ತಿನ್ನಿಸಿದ್ದು ಎಲ್ಲ ಇದಕ್ಕಾ?

ಕಣ್ಣೀರು ಒರೆಸಿಕೊಂಡು, ಹಲ್ಲು ಕಚ್ಚಿ ನಡೆದಳು. ಅವನು ಹಿಂದಿನಿಂದ ಕರೆದರೂ ಓಗೊಡಲಿಲ್ಲ. ಕ್ವಾರಿ ಬೇ ತಲುಪುವಷ್ಟರಲ್ಲಿ ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ಮೇಲ್ವಿಚಾರಕಿ ಫಾಂಗ್ ಮೇಡಂ ದಡಬಡ ಇಳಿದರು.

"ನಾನು ಹತ್ತಲ್ಲ," ಸಿನ್‌ಯಿ ಊರುಗೋಲನ್ನು ಬಲವಾಗಿ ಊರಿ ನಿಂತಳು.

"ನಿನ್ನನ್ಯಾರಮ್ಮ ಕರೆದ್ರು? ನಾವು ಬಂದಿರೋದು ಇವನಿಗೆ. ಕಾಲು ಉಳುಕಿದೆ, ಬೇಗ ನಡೆಯೋಕಾಗ್ತಿಲ್ಲ ಅಂತ ವಾನ್ ಚಾಯ್‌ನಿಂದ ಒಂದೇ ಸಮ ಗೋಳು. ಹತ್ತಪ್ಪಾ, ಪೊರಕೆ ನಾನು ಹೊರ್ತೀನಿ."

ಸಿನ್‌ಯಿ ಹಿಂದಿನಿಂದ ಕುಂಟುತ್ತಾ ಬಂದ ಹೊಯ್‌ಮಿಂಗ್‌ನ ಮುಖ ನೋಡಿದಳು. ಕಿವಿಯವರೆಗೂ ಕೆಂಪಾಗಿತ್ತು. ಹಾಗಾದರೆ ಆ ಶೂ ಲೇಸು, ಆ ಟಾರ್ಟಿನ ಸಾಲು... ಎಲ್ಲ ತನ್ನನ್ನು ದಾಟಬಾರದೆಂದೇ! ತಾನೋ, ಅವನ ಮೇಲೆ ಇಲ್ಲದ್ದನ್ನೆಲ್ಲ ಹೊರಿಸಿದ್ದಳು.

ಫಾಂಗ್ ಮೇಡಂ ಕೈಗೆ ಪೊರಕೆ ಹೋದರೆ ಕಥೆ ಅಷ್ಟೇ. ಅವರದು ಕುದುರೆ ನಡಿಗೆ.

"ಬೇಡ ಮೇಡಂ. ಇವ್ರನ್ನ ನಾನು ಕರ್ಕೊಂಡು ಬರ್ತೀನಿ." ಅವಳು ಊರುಗೋಲನ್ನು ಅವನ ಕೈಗಿಟ್ಟು, ಅವನ ತೋಳು ಹಿಡಿದುಕೊಂಡಳು.

ಫಾಂಗ್ ಮೇಡಂ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಸಮಯ ಮುಗಿಯುವುದರೊಳಗೆ ಬಂದರೆ ಸರಿ ಎಂದು ಗೊಣಗುತ್ತಾ ಬಸ್ಸು ಹತ್ತಿದರು.

ಬಸ್ಸು ಮರೆಯಾಯಿತು. ಅವನು ಪಾಪ, ಇನ್ನೂ ಕುಂಟುತ್ತಲೇ ಇದ್ದ.

"ಸಾಕು. ಬಸ್ಸಿನ ಮುಂದೆ ಎಡಗಾಲು ಕುಂಟ್ತಿದ್ರಿ, ಈಗ ಬಲಗಾಲು." ನಗು ಬಂದರೂ ಅವಳ ಕಣ್ಣು ತುಂಬಿತ್ತು. "ಯಾಕೆ ಸುಳ್ಳು ಹೇಳಿದ್ರಿ? ಪಾಪ ಅಂತಾನಾ? ನನಗೆ ಯಾರ ಪಾಪನೂ ಬೇಡ."

ಅವನು ಕುಂಟುವುದನ್ನು ನಿಲ್ಲಿಸಿದ.

"ಮೊದಲು ಪಾಪ ಅಂತಾನೇ ಅನ್ನಿಸ್ತು. ಆಮೇಲೆ ನೀವು ನಕ್ರಿ. ಅಲ್ಲಿಂದ ನನಗೇ ಭಯ ಶುರುವಾಯ್ತು. ನೀವು ಬಸ್ಸು ಹತ್ತಿದ್ರೆ ನನ್ನ ಮುಂದೆ ಯಾರಿರ್ತಾರೆ ಹೇಳಿ? ಪೊರಕೆ ಹೊತ್ಕೊಂಡು ಒಬ್ಬನೇ ಏನು ಮಾಡ್ಲಿ?"

ಸಿನ್‌ಯಿ ನಡಿಗೆ ಮುಂದುವರಿಸಿದಳು. ಹಿಡಿದ ತೋಳನ್ನು ಮಾತ್ರ ಬಿಡಲಿಲ್ಲ.

ಶೌ ಕೆಯ್ ವಾನ್‌ನಲ್ಲಿ ಬ್ಯಾನರಿನ ಒಂದು ತುದಿ ಆಗಲೇ ಬಿಚ್ಚಿದ್ದರು. ಸಿನ್‌ಯಿ ತೋಳು ಬಿಟ್ಟು, ಕೋಲು ಇಸಿದುಕೊಂಡು, ಕೊನೆಯ ಗೆರೆಯನ್ನು ಒಬ್ಬಳೇ ದಾಟಿದಳು. ಅದರಾಚೆ ಗಾಲಿಕುರ್ಚಿಯಲ್ಲಿ ಕಾಮ್ ಚಿಕ್ಕಮ್ಮ ಕತ್ತು ಉದ್ದ ಮಾಡಿ ಕೂತಿದ್ದರು.

"ಬಸ್ಸಲ್ಲಿ ಬಂದ್ಯೇನೇ?"

ಅವಳು ಅಡ್ಡಡ್ಡ ತಲೆಯಾಡಿಸಿದಳು. ಗೆರೆಯ ಹಿಂದೆಯೇ ನಿಂತಿದ್ದ ಹೊಯ್‌ಮಿಂಗ್ ಹೇಳಿದ. "ಶುರುವಿನಿಂದ ಇವರ ಹಿಂದೇನೇ ಇದ್ದೀನಿ ಚಿಕ್ಕಮ್ಮ. ಒಂದು ಸಲನೂ ದಾಟಿಲ್ಲ."

ಮುದುಕಿ ಅವನನ್ನು ನೋಡಿದರು, ಪೊರಕೆಯನ್ನು ನೋಡಿದರು. ನನ್ನ ಗ್ರಹಚಾರ ಎಂದು ಬೈದುಕೊಳ್ಳುತ್ತಾ ಕುರ್ಚಿಯ ಕೈ ಹಿಡಿದರು. ತೊಡೆ ಗಡಗಡ ನಡುಗಿತು. ಒಮ್ಮೆ ಕುಸಿದರು. ಮತ್ತೆ ಏಳಲು ನೋಡಿದರು.

ಎದ್ದು ನಿಂತರು!

ಸಿನ್‌ಯಿ ಹತ್ತಿರ ಹೋಗಿ ತಬ್ಬಿಕೊಂಡಳು. ಇಬ್ಬರೂ ಬಿಕ್ಕಿಬಿಕ್ಕಿ ಅತ್ತರು. ಬೀಳಿಸಬೇಡವೇ ಎಂದು ಚಿಕ್ಕಮ್ಮ ಅಳುತ್ತಲೇ ಗದರಿದರು.

ಅವರನ್ನು ಕೂರಿಸಿ ಸಿನ್‌ಯಿ ತಿರುಗಿದಳು. ಹೊಯ್‌ಮಿಂಗ್ ಇನ್ನೂ ಗೆರೆಯ ಹಿಂದೆಯೇ ಇದ್ದ.

"ಯಾಕೆ ಅಲ್ಲೇ ನಿಂತ್ರಿ?"

"ದಾಟಿದ್ರೆ ಮುಗಿದ್ಹೋಗತ್ತಲ್ಲ..."

ಅವಳು ಗೆರೆ ದಾಟಿ ವಾಪಸ್ ಹೋದಳು. ಅವನ ಬೆನ್ನಿನ ಪೊರಕೆ ಬಿಚ್ಚಿ ತನ್ನ ಹೆಗಲಿಗೇರಿಸಿಕೊಂಡಳು.

"ಈಗ ಪೊರಕೆ ನನ್ನ ಹತ್ರ. ಮುಂದೆ ನಡಿ."

ಅವಳು 'ನಡಿ' ಎಂದಿದ್ದಕ್ಕೆ ಅವನ ಮುಖವೆಲ್ಲ ನಗುವಾಯಿತು. "ಎಲ್ಲಿಗೆ?"

"ಮೊದಲು ಟೀ ಕುಡಿಯೋಕೆ. ಆಮೇಲಿಂದು ದಾರೀಲಿ ಹೇಳ್ತೀನಿ."

"ನಾನು ಹಿಂದೆ ಬಿದ್ರೆ?"

"ಶೂ ಲೇಸ್ ಕಟ್ಕೊಳ್ತಾ ನಿಂತಿರ್ತೀನಿ."