ದೊಡ್ಡ ಮೋರಿಯ ನೋಂದಣಿ

ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಗಂಧಗ್ರಾಹಿ ಯಂತ್ರದ ಹಿತ್ತಾಳೆ ಮೂತಿ ಒಮ್ಮೆ ‘ಪುಸ್’ ಎಂದಿತು. ಮೈಸೂರಿನ ಆ ಸಭಾಂಗಣದಲ್ಲಿ ಕುಳಿತಿದ್ದ ಎರಡು ಸಾವಿರ ಜನರ ಮೂಗಿಗೆ ಹದವಾಗಿ ಹುರಿದ ಕಾಫಿಬೀಜದ ಪರಿಮಳ ಬಡಿಯಿತು. ಅದರ ಬೆನ್ನಿಗೇ ಎದುರಿನ ಗೋಡೆಯ ಮೇಲೆ ಒಂದು ಕಾಫಿಪುಡಿ ಅಂಗಡಿಯ ಜಾಲತಾಣ ತೆರೆದುಕೊಂಡಿತು. ಯಾರೂ ಅಕ್ಷರ ಒತ್ತಿರಲಿಲ್ಲ, ಯಾರೂ ಹೆಸರು ಹೇಳಿರಲಿಲ್ಲ. ವಿಜ್ಞಾನಿ ಡಾಕ್ಟರ್ ಇಂದುಧರರು ನಾಲ್ಕು ಕಾಫಿಬೀಜಗಳನ್ನು ಯಂತ್ರದ ಮುಂದೆ ಹಿಡಿದಿದ್ದರು, ಅಷ್ಟೆ. ಆಗ ಬಿದ್ದ ಚಪ್ಪಾಳೆಗೆ ಚಾಮುಂಡಿ ಬೆಟ್ಟದ ಕೋತಿಗಳು ಬೆದರಿ ನಂಜನಗೂಡು ಸೇರಿದವು.

ಹಣ ಕಟ್ಟಿ ಅಂತರ್ಜಾಲದಲ್ಲಿ ಒಂದು ವಾಸನೆಯನ್ನೇ ತನ್ನ ವಿಳಾಸವಾಗಿ ನೋಂದಾಯಿಸಿಕೊಳ್ಳುವ ಸೇವೆ ಹೀಗೆ ಆರಂಭವಾಯಿತು.

ಇದಕ್ಕೆ ಕಾರಣವಿತ್ತು. ಆ ಶತಮಾನದಲ್ಲಿ ಅಕ್ಷರದ ವಿಳಾಸಗಳು ಮುಗಿದುಹೋಗಿದ್ದವು. ನಿಘಂಟಿನಲ್ಲಿದ್ದ ಪದಗಳೆಲ್ಲ ಮಾರಾಟವಾಗಿ, ಇಲ್ಲದ ಪದಗಳೂ ಮಾರಾಟವಾಗಿ, ಒಂದು ಇಡ್ಲಿ ಹೋಟೆಲಿನ ಜಾಲವಿಳಾಸ ಬರೆದುಕೊಳ್ಳಲು ಮೂರು ಹಾಳೆ ಬೇಕಾಗುತ್ತಿತ್ತು. ಬರೆದುಕೊಂಡರೂ ನಂಬುವಂತಿರಲಿಲ್ಲ, ಒಂದು ಅಸಲಿಗೆ ಒಂಬತ್ತು ಲಕ್ಷ ನಕಲಿಗಳಿದ್ದವು. ವಾಸನೆ ಹಾಗಲ್ಲ ಎಂದರು ಇಂದುಧರರು. ಒಂದು ಹೂವಿನ ಕಂಪಿನಲ್ಲಿ ನೂರಾರು ಬಗೆಯ ಅಣುಗಳು ಒಂದು ಲೆಕ್ಕದಲ್ಲಿ ಬೆರೆತಿರುತ್ತವೆ. ಆ ಬೆರಕೆಯ ‘ಗಂಧಸೂತ್ರ’ವನ್ನು ಯಂತ್ರ ಓದಿಟ್ಟುಕೊಳ್ಳುತ್ತದೆ. ವಾಸನೆ ತೋರಿಸಿದರೆ ತಾಣ ತೆರೆಯುತ್ತದೆ, ತಾಣದಿಂದ ಸಂದೇಶ ಬಂದರೆ ವಾಸನೆ ಹೊಮ್ಮುತ್ತದೆ. ವರ್ಷ ಕಳೆಯುವುದರೊಳಗೆ ಉಗುರಿನಷ್ಟು ಗಾತ್ರದ ಗಂಧಗ್ರಾಹಿ ಪ್ರತಿಯೊಬ್ಬರ ಕೈಗಡಿಯಾರದಲ್ಲೂ ಸೇರಿಕೊಂಡಿತು. ಮನೆಯ ಬೀಗ, ಬಸ್ಸಿನ ಚೀಟಿ, ಔಷಧದ ಅಂಗಡಿ ಎಲ್ಲಕ್ಕೂ ಅದೇ ಗಡಿಯಾರ ಬೇಕಾದ್ದರಿಂದ ಬಿಚ್ಚಿಡುವಂತೆಯೂ ಇರಲಿಲ್ಲ.

ಒಂದೇ ತೊಡಕು. ಎರಡು ವಾಸನೆಗಳು ಮನುಷ್ಯನಿಗೆ ಒಂದೇ ಅನಿಸುತ್ತವೆಯೇ ಬೇರೆ ಅನಿಸುತ್ತವೆಯೇ ಎಂದು ಹೇಳಲು ಯಂತ್ರಕ್ಕೆ ಬಾರದು. ಅದಕ್ಕಾಗಿ ಕಾನೂನಿನಲ್ಲಿ ಘ್ರಾಣಾಧಿಕಾರಿ ಎಂಬ ಹುದ್ದೆ ಹುಟ್ಟಿತು. ಅವನು ಮೂಸಿ ಬರೆದದ್ದೇ ಕೊನೆ, ಅದರ ಮೇಲೆ ಮೇಲ್ಮನವಿ ಇಲ್ಲ. ಆ ಕುರ್ಚಿಯಲ್ಲಿ ಕೂತವರು ಕೆಂಡಗಣ್ಣಪ್ಪ.

ಊದುಬತ್ತಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಗಂಧ ಬೆರೆಸಿದ ಮೂಗು ಅದು. ಮುಚ್ಚಿದ ಡಬ್ಬಿಯೊಳಗಿನ ಹಪ್ಪಳವನ್ನು ಹೊರಗಿನಿಂದಲೇ ಮೂಸಿ, ಅದನ್ನು ಲಟ್ಟಿಸಿದ ಮೂವರು ಹೆಂಗಸರಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದರೆಂದು ಹೇಳಿದ ಮೂಗು. ಮಳೆ ಬರುವುದನ್ನು ಹವಾಮಾನದವರಿಗಿಂತ ಎಂಟು ದಿನ ಮೊದಲು, ನೆಂಟರು ಬರುವುದನ್ನು ಹದಿನೈದು ದಿನ ಮೊದಲು ತಿಳಿಯುತ್ತಿದ್ದ ಮೂಗು. ಕೆಂಡಗಣ್ಣಪ್ಪನವರ ಬಾಯಿ ಆಗಾಗ ಸುಳ್ಳು ಹೇಳಿದ್ದುಂಟು. ಮೂಗು ಒಮ್ಮೆಯೂ ಹೇಳಿರಲಿಲ್ಲ. ಅವರಿಗೆ ಇದ್ದ ಜಂಬವೆಲ್ಲ ಅದೊಂದರದೇ.

ಗಡಿಯಾರಗಳು ಹಬ್ಬಿದ ಮೇಲೆ ಅದೇ ಸಭಾಂಗಣದಲ್ಲಿ ನೋಂದಣಿ ಕಚೇರಿ ತೆರೆದ ಮೊದಲ ದಿನವೇ ಅವರಿಗೆ ಹೇಸಿಗೆ ಹತ್ತಿತು. ಶ್ರೀಗಂಧಕ್ಕಾಗಿ ಇಬ್ಬರು ಕೋಟ್ಯಧಿಪತಿಗಳು ಒಬ್ಬರ ಕಿವಿಯನ್ನು ಒಬ್ಬರು ಕಚ್ಚಿದರು. ಕಾಯಿಸಿದ ತುಪ್ಪದ ವಾಸನೆಯನ್ನು ಮೂಲವ್ಯಾಧಿಯ ಆಸ್ಪತ್ರೆಯೊಂದು ಕೊಂಡುಕೊಂಡಿತು. ಒಬ್ಬ ಶಾಸಕ ತನ್ನ ಬೆವರೇ ತನ್ನ ವಿಳಾಸವಾಗಬೇಕೆಂದು ಬನಿಯನ್ ಹಿಂಡಿ ಲೋಟದಲ್ಲಿ ತಂದಿದ್ದ. ಮೂಸಲೇಬೇಕಿತ್ತು, ಮೂಸಿದರು. ಆಮೇಲೆ ಮೂರು ಕೊಡ ಉಪ್ಪುನೀರಿನಲ್ಲಿ ಮೂಗು ತೊಳೆದುಕೊಂಡರು.

ಹನ್ನೊಂದು ಗಂಟೆಗೆ ಋಷಿಕೇಶ ಎಂಬ ನಯವಾದ ಯುವಕ ಬಂದು ಮೇಜಿನ ಮೇಲೆ ನಾಲ್ಕು ಮೊಳ ಮಲ್ಲಿಗೆ ಇಟ್ಟ. ಕೆಂಡಗಣ್ಣಪ್ಪನವರ ಮುಖ ಅರಳಿತು. ನೆನೆಸಿದ ಬಾಳೆನಾರು, ಬೆರಳಿನ ಅರಿಸಿನ: ಅದು ಅವರ ಹೆಂಡತಿ ಸಣ್ಣತಾಯಮ್ಮ ಕಟ್ಟಿದ ಮಾಲೆ. ಆಕೆ ಸಭಾಂಗಣದ ಗೇಟಿನಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕೆಂಡಗಣ್ಣಪ್ಪ ಸಂತೋಷದಿಂದ ‘ಅಪ್ಪಟ ಮಲ್ಲಿಗೆ’ ಎಂದು ಬರೆದು ರುಜು ಹಾಕಿದರು. ಅರ್ಜಿದಾರ ಕಂಪನಿಯ ಹೆಸರನ್ನು ಆಮೇಲೆ ಓದಿದರು. ಸುಖಮಾರ್ಗ ಚೂರ್ಣ. ಮಲಬದ್ಧತೆಗೆ.

ಮಾರನೆಯ ದಿನದಿಂದ ಶುರುವಾಯಿತು. ಎಲ್ಲಿ ಮಲ್ಲಿಗೆ ಸುಳಿಯಿತೋ ಅಲ್ಲಿ ಗಡಿಯಾರದ ಗಾಜಿನಲ್ಲಿ ಒಬ್ಬ ಬೋಳುತಲೆಯವನು ಪ್ರತ್ಯಕ್ಷನಾಗಿ, ಹಲ್ಲು ಕಿರಿದು, “ಇವತ್ತು ಸಲೀಸಾಗಿ ಆಯಿತೇ?” ಎಂದು ಕೇಳುತ್ತಿದ್ದ. ಹೂ ಮುಡಿದ ಒಬ್ಬ ಹೆಂಗಸು ಬಸ್ಸು ಹತ್ತಿದರೆ ಅರವತ್ತು ಮುಂಗೈಗಳು ಒಟ್ಟಿಗೆ ಕೇಳುತ್ತಿದ್ದವು. ಹೂವಿಲ್ಲದ ಮನೆಗಳಿಗೆ ಕಂಪನಿಯೇ ದಿನಕ್ಕೆ ಮೂರು ಬಾರಿ, ಸರಿಯಾಗಿ ಊಟದ ಹೊತ್ತಿಗೆ, ಕಂಪು ಕಳಿಸಿ ವಿಚಾರಿಸುತ್ತಿತ್ತು. ಒಂದು ಮದುವೆಯಲ್ಲಿ ಮದುಮಗಳು ಮೊಣಕಾಲಿನವರೆಗೆ ಮೊಗ್ಗಿನ ಜಡೆ ಹಾಕಿಕೊಂಡು ಮಂಟಪಕ್ಕೆ ಬಂದಳು. ವಾದ್ಯ ನಿಂತ ಮರುಗಳಿಗೆಯಲ್ಲಿ ಸಾವಿರದ ಇನ್ನೂರು ಬೋಳುತಲೆಗಳು ಆ ಪ್ರಶ್ನೆ ಕೇಳಿದವು. ಬಾಳೆ ಎಲೆಯ ಮುಂದೆ ಕೂತಿದ್ದ ಮೊದಲ ಪಂಕ್ತಿ ಎದ್ದುಹೋಯಿತು; ಅಡುಗೆಯವರೂ ಊಟ ಮಾಡಲಿಲ್ಲ.

ಮೂರು ತಿಂಗಳಲ್ಲಿ ಇಡೀ ಊರು ಮಲ್ಲಿಗೆ ಕಂಡರೆ ಓಕರಿಸತೊಡಗಿತು. ಹೂವಿನವರು ಒಬ್ಬೊಬ್ಬರಾಗಿ ಬುಟ್ಟಿ ಮಗುಚಿ ಸೌತೆಕಾಯಿ ಮಾರಲು ಕೂತರು. ಹೆಣದ ಮೇಲೆ ಹಾಕಲು ಸಹ ಯಾರೂ ಮಲ್ಲಿಗೆ ಕೇಳಲಿಲ್ಲ.

ಎಲ್ಲರಿಗಿಂತ ಹೆಚ್ಚಾಗಿ ನರಳಿದ್ದು ಎಲ್ಲರಿಗಿಂತ ದೊಡ್ಡ ಮೂಗು. ಸಣ್ಣತಾಯಮ್ಮ ಬಡಿಸಲು ಬಗ್ಗಿದರೆ ಕೆಂಡಗಣ್ಣಪ್ಪನವರ ಹೊಟ್ಟೆ ತೊಳಸುತ್ತಿತ್ತು. ನಲವತ್ತು ವರ್ಷದಿಂದ ಆ ಕಂಪಿನ ಜಾಡು ಹಿಡಿದೇ ಮನೆಗೆ ಬರುತ್ತಿದ್ದವರು ಈಗ ಬೀದಿಯ ತಿರುವಿನಲ್ಲೇ ನಿಂತು ಮೂಗಿಗೆ ಪಂಚೆಯ ಚುಂಗು ಕಟ್ಟಿಕೊಳ್ಳುತ್ತಿದ್ದರು. ಊಟ ಜಗಲಿಯಲ್ಲಿ, ಬೆನ್ನು ತಿರುಗಿಸಿ. ತಾವು ಹಾಕಿದ ಒಂದು ರುಜು ತಮ್ಮ ಹೆಂಡತಿಯನ್ನು ತಮ್ಮಿಂದ ಹತ್ತು ಗಜ ದೂರ ನೂಕಿತಲ್ಲ ಎಂದು ಅವರಿಗೆ ತಮ್ಮ ಕೈಯ ಮೇಲೇ ಅಸಹ್ಯವಾಗುತ್ತಿತ್ತು. ಹೂವನ್ನಾದರೂ ಬಿಡು ಎಂದು ಒಮ್ಮೆ ಕೇಳಿಯೂ ನೋಡಿದರು.

ಸಣ್ಣತಾಯಮ್ಮ ಕಟ್ಟುತ್ತಿದ್ದ ಮಾಲೆಯಿಂದ ತಲೆಯೆತ್ತಲಿಲ್ಲ. “ನಲವತ್ತೊರ್ಸದಿಂದ ಮುಡ್ಕಂಡಿವ್ನಿ. ಯಾವನೋ ಬೇದಿ ಪುಡಿಯವ್ನು ಬಂದ ಅಂತ ನಾನ್ಯಾಕ ಬುಡನ? ನಿಮ್ ಮೂಗ ರಿಪೇರಿ ಮಾಡುಸ್ಕಳಿ.”

ರಿಪೇರಿಗೆಂದು ಅವರು ಇಂದುಧರರ ಪ್ರಯೋಗಶಾಲೆಗೆ ಹೋದರು. ವಿಳಾಸವನ್ನು ರದ್ದು ಮಾಡಿಬಿಡಿ ಎಂದು ಬೇಡಿದರು. ನೋಂದಣಿ ಹತ್ತು ವರ್ಷದ್ದು, ಮಧ್ಯೆ ಮುರಿಯಲು ನಿಯಮವಿಲ್ಲ ಎಂದರು ವಿಜ್ಞಾನಿ. ಅವರ ಮುಖವೂ ಸೊರಗಿತ್ತು; ತುಪ್ಪದ ವಾಸನೆಯನ್ನು ಮೂಲವ್ಯಾಧಿಯ ಆಸ್ಪತ್ರೆ ಕೊಂಡ ದಿನದಿಂದ ಅವರ ಮನೆಯಲ್ಲಿ ಯಾರೂ ತುಪ್ಪ ಮುಟ್ಟಿರಲಿಲ್ಲ, ಅವರ ತಾಯಿಯಂತೂ ಒಗ್ಗರಣೆಯ ಸದ್ದಿಗೇ ಎದ್ದು ಹೊರಗೆ ಹೋಗುತ್ತಿದ್ದರು.

“ರದ್ದು ಮಾಡಿದರೂ ಪ್ರಯೋಜನವಿಲ್ಲ, ಕೆಂಡಗಣ್ಣಪ್ಪನವರೇ,” ಎಂದರು. “ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿನಲ್ಲಿ ಮೊದಲು ಒಂದು ಕಚೇರಿಯ ಮುಂದೆ ಸರದಿ ನಿಲ್ಲುತ್ತದೆ. ವಾಸನೆ ಮಾತ್ರ ಹಿತ್ತಲ ಬಾಗಿಲಿನಿಂದ ನೇರ ನೆನಪಿನ ಕೋಣೆಗೆ ನುಗ್ಗುತ್ತದೆ. ನಿಮ್ಮ ಆ ಕೋಣೆಯಲ್ಲಿ ಈಗ ಮಲ್ಲಿಗೆಯ ಪಕ್ಕ ಯಾರು ಕೂತಿದ್ದಾರೆ?”

“ಆ ಬೋಡ್ ಮುಂಡೇದು, ಸ್ವಾಮಿ.”

“ಮೊದಲು ಯಾರು ಕೂತಿದ್ದರು?”

ಕೆಂಡಗಣ್ಣಪ್ಪ ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಕೇಳಿದರು: “ಇದ ಮುಂಚೇನೆ ಯೋಚ್ನ ಮಾಡ್ನಿಲ್ವಾ ನೀವು?”

“ವಿಳಾಸ ಜನರಿಗೆ ಮರೆಯಬಾರದು ಎಂದೇ ವಾಸನೆಯನ್ನು ಆರಿಸಿದೆ,” ಎಂದರು ಇಂದುಧರ. “ಮರೆಯಬೇಕು ಅನ್ನಿಸುವ ದಿನ ಬಂದೀತೆಂದು ಹೊಳೆಯಲಿಲ್ಲ.”

ಮದ್ದು ಸಿಕ್ಕಿದ್ದು ಯಾರೂ ಮದ್ದು ಹುಡುಕದ ಜಾಗದಲ್ಲಿ. ಒಂದು ಸಂಜೆ ಗಂಡಹೆಂಡಿರು ನೆಂಟರ ಮನೆಯಿಂದ ಹಿಂತಿರುಗುತ್ತಿದ್ದರು. ಆಕೆ ಮುಂದೆ, ಆತ ಲೆಕ್ಕ ಹಾಕಿ ಹತ್ತು ಗಜ ಹಿಂದೆ. ದಾರಿ ಊರಾಚೆಯ ದೊಡ್ಡ ಮೋರಿಯ ದಂಡೆಗೆ ಬಂತು. ಆ ಮೋರಿಯ ಸಂಗತಿ ಹೇಳಲು ಬಾಯಿ ಬಾರದು. ಊರಿನ ಎಂಬತ್ತು ವರ್ಷದ ಕೊಳಚೆಯೆಲ್ಲ ಅದರಲ್ಲಿ ಹುದುಗೆದ್ದು, ಹೆಪ್ಪುಗಟ್ಟಿ, ಮತ್ತೆ ಹುದುಗೆದ್ದಿತ್ತು. ಅದರ ಮೇಲೆ ಹಾರಿದ ಕಾಗೆ ಆಚೆ ದಂಡೆಗೆ ಬೆಳ್ಳಗಾಗಿ ಇಳಿಯುತ್ತಿತ್ತು. ಅಂಥ ನಾತದ ಮುಂದೆ ಮಲ್ಲಿಗೆಯೆಂಬುದು ಬಿರುಗಾಳಿಯಲ್ಲಿ ಊದಿದ ಪೀಪಿ. ಗಂಧಗ್ರಾಹಿಗೂ ಬೇರಾವ ವಾಸನೆಯೂ ಹತ್ತಲಿಲ್ಲ; ನಾತವನ್ನು ಯಾರೂ ಕೊಂಡಿರಲಿಲ್ಲವಾದ್ದರಿಂದ ಗಡಿಯಾರ ಮೂಕವಾಯಿತು. ಕೆಂಡಗಣ್ಣಪ್ಪ ದಾಪುಗಾಲು ಹಾಕಿ ಹೋಗಿ ಹೆಂಡತಿಯ ಪಕ್ಕ ನಿಂತರು.

“ಇದೇನ ಹತ್ರಕ್ಕ ಬಂದ್ರಿ?” ಎಂದರು ಸಣ್ಣತಾಯಮ್ಮ.

“ಇಲ್ಲಿ ನಿನ್ ಹೂವು ಗೊತ್ತಾಗದಿಲ್ಲ.”

“ಥೂ, ನಾಚ್ಕ ಆಗದಿಲ್ವಾ ನಿಮ್ಗ? ಎಂಡ್ತಿ ತಲೆಗಿಂತ ಮೋರಿ ವಾಸ್ನೆ ಮೇಲಾಯ್ತಾ?” ಎಂದು ಉಗಿದರು. ಉಗಿದು, ಮೊಣಕಾಲು ನೋಯುತ್ತಿದ್ದುದರಿಂದ, ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. ಕೆಂಡಗಣ್ಣಪ್ಪನವರೂ ಕೂತರು. ಅವರಿಬ್ಬರೂ ಒಂದು ಗೇಣಿನೊಳಗೆ ಕೂತು ನಾಲ್ಕು ತಿಂಗಳಾಗಿತ್ತು.

ಅಂದಿನಿಂದ ದಿನವೂ ಸಂಜೆ ಮೋರಿ ದಂಡೆ. ಸುದ್ದಿ ಊರಿಗೆ ಹಬ್ಬಿತು. ಭೂಮಿಯ ಮೇಲೆ ಯಾವ ಕಂಪನಿಯೂ ಮಾತಾಡಿಸದ ಜಾಗ ಇದೊಂದೇ ಎಂದು ತಿಳಿದು ಜನ ಚಾಪೆ ತಂದು ಹಾಸತೊಡಗಿದರು. ಪ್ರೀತಿಸುವವರು ಬಂದರು, ಮಾತು ಬಿಟ್ಟ ಅಣ್ಣತಮ್ಮಂದಿರು ಬಂದರು, ಇಂದುಧರರು ತಮ್ಮ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು, ಎಲ್ಲರ ಮುಖದಲ್ಲೂ ನೆಮ್ಮದಿ. ತಿಂಡಿ ಮಾರುವವರು ಮಾತ್ರ ಬರಲಿಲ್ಲ. ಅಲ್ಲಿ ಬಾಯಿ ತೆರೆಯುವ ಎದೆಗಾರಿಕೆ ಮಾತಿಗಾಗಿ ಇತ್ತೇ ಹೊರತು ತಿನ್ನುವುದಕ್ಕಲ್ಲ.

ಹೀಗಿರುವಾಗ ಋಷಿಕೇಶ ಮತ್ತೆ ನೋಂದಣಿ ಕಚೇರಿಗೆ ಬಂದ. ಕೈಯಲ್ಲಿ ಬಿರಡೆ ಬಿಗಿದ ಒಂದು ಸೀಸೆ, ಅದರಲ್ಲಿ ಹಸಿರುಗಪ್ಪು ದ್ರವ. ಮಲ್ಲಿಗೆಯಿಂದ ಈಗ ವ್ಯಾಪಾರವಿಲ್ಲ, ಜನ ವಾಂತಿ ಮಾಡುತ್ತಾರೆ ಎಂದು ಅವನೇ ಒಪ್ಪಿಕೊಂಡ. ಕಂಪನಿಗೆ ಈಗ ದೊಡ್ಡ ಮೋರಿ ಬೇಕಂತೆ.

“ಸಂಜೆಯಾದರೆ ಇಡೀ ಊರು ಅಲ್ಲೇ ಇರುತ್ತೆ, ಸಾರ್,” ಎಂದ. “ಎಲ್ಲರನ್ನೂ ಒಂದೇ ಸಲ ಕೇಳಿಬಿಡಬಹುದು.”

ಕೆಂಡಗಣ್ಣಪ್ಪನವರಿಗೆ ಆವರೆಗೆ ಮೂಸಿದ್ದೆಲ್ಲ, ಆ ಶಾಸಕನ ಲೋಟವೂ ಸೇರಿ, ಈ ಮಾತಿನ ಮುಂದೆ ಪನ್ನೀರೆನಿಸಿತು. ಇಂದುಧರರೂ ಅಲ್ಲೇ ಯಂತ್ರದ ಪಕ್ಕ ನಿಂತಿದ್ದರು, ಅವರೂ ತಡೆಯುವಂತಿರಲಿಲ್ಲ. ಅರ್ಜಿ ಸರಿಯಾಗಿತ್ತು, ಶುಲ್ಕ ಕಟ್ಟಿತ್ತು, ಆ ವಾಸನೆ ಬೇರೆ ಯಾರ ಹೆಸರಿನಲ್ಲೂ ಇರಲಿಲ್ಲ. ಮೂಸಿ ಬರೆಯುವುದೊಂದೇ ಬಾಕಿ.

ಬಿರಡೆ ತೆಗೆದರು. ಸಾಲಿನಲ್ಲಿದ್ದ ನೂರಿಪ್ಪತ್ತು ಜನ ಒಂದೇ ಬಾಗಿಲಿನಲ್ಲಿ ಒಟ್ಟಿಗೆ ಹೊರಗೆ ಹೋದರು. ಸೂರಿನಲ್ಲಿದ್ದ ಪಾರಿವಾಳಗಳು ನೆಲಕ್ಕೆ ಬಿದ್ದವು. ಗೋಡೆಯ ಸುಣ್ಣ ಸುರುಳಿ ಸುತ್ತಿಕೊಂಡಿತು. ಕೆಂಡಗಣ್ಣಪ್ಪ ಮಾತ್ರ ಸೀಸೆಯನ್ನು ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಹೊಟ್ಟೆ ತುಂಬ ಉಸಿರೆಳೆದರು. ಹದಿನೇಳು ಹೋಟೆಲುಗಳ ಮುಸುರೆ, ಕಸಾಯಿಖಾನೆಯ ಹಳೆಯ ನೆತ್ತರು, ಸಾಬೂನು ಕಾರ್ಖಾನೆಯ ಜಿಡ್ಡು, ಮೂರು ಲಕ್ಷ ಮನೆಗಳ ಹೇಸಿಗೆ, ಎಲ್ಲವನ್ನೂ ಆ ಮೂಗು ಒಂದೊಂದಾಗಿ ಸರಿಸುತ್ತ ತಳಕ್ಕೆ ಇಳಿಯಿತು. ತಳದಲ್ಲಿ ಒಂದು ಎಸಳು ಮಲ್ಲಿಗೆ ಇತ್ತು. ಯಾವುದೋ ಸಂಜೆ ತುರುಬಿನಿಂದ ಉದುರಿದ್ದಿರಬೇಕು. ಅವರು ಹೊಟ್ಟೆ ತೊಳಸಲೆಂದು ಕಾದರು. ತೊಳಸಲಿಲ್ಲ. ನೆನಪಿನ ಆ ಕೋಣೆಯಲ್ಲಿ ಬೋಳುತಲೆಯವನು ಇರಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ, ಉಗಿಯುತ್ತ, ಸಣ್ಣತಾಯಮ್ಮ ಕೂತಿದ್ದರು.

ಕೆಂಡಗಣ್ಣಪ್ಪ ಕಣ್ಣು ತೆರೆದು ಲೇಖನಿ ಎತ್ತಿಕೊಂಡರು. ‘ಮಾದರಿಯಲ್ಲಿ ಯಾವ ವಾಸನೆಯೂ ಇಲ್ಲ. ಅರ್ಜಿ ತಿರಸ್ಕೃತ’ ಎಂದು ಬರೆದು ರುಜು ಹಾಕಿದರು.

ಋಷಿಕೇಶ ಮೂಗಿನ ಮೇಲಿನ ಎರಡು ಕರವಸ್ತ್ರಗಳ ಹಿಂದಿನಿಂದ ಏನೇನೋ ಕೂಗಾಡಿದ. ಮುದುಕನ ಮೂಗು ಸತ್ತಿದೆ, ಇವರನ್ನು ಕೆಲಸದಿಂದ ತೆಗೆಯಬೇಕು ಎಂದ. ತೆಗೆಯಲಿ ಎಂದು ಕೆಂಡಗಣ್ಣಪ್ಪ ತಲೆಯಾಡಿಸಿದರು. ಅವನು ಸೀಸೆಯನ್ನು ಕಿತ್ತುಕೊಂಡು ಇಂದುಧರರ ಕೈಗೆ ತುರುಕಿದ. ನೀವು ವಿಜ್ಞಾನಿಗಳು, ನೀವೇ ಹೇಳಿ ಎಂದ.

ಇಂದುಧರರು ಸೀಸೆಯನ್ನು ಮೂಗಿಗೆ ಹಿಡಿದರು. ಅವರ ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು. ಕಣ್ಣಿನಿಂದ ಇಳಿದ ನೀರು ಅಂಗಿಯ ಎದೆಯನ್ನು ತೋಯಿಸಿತು. ಅವರು ಎರಡನೆಯ ಬಾರಿಯೂ, ಅವಸರವಿಲ್ಲದೆ, ಮೂಸಿದರು.

“ಬರೀ ನೀರು,” ಎಂದರು.